ಅಂಚು ಮುಟ್ಟಬ್ಯಾಡ

ನಮ್ಮೂರಿನಲ್ಲಿ ಸತ್ತವರೆಲ್ಲ ಕೊನೆಗೊಮ್ಮೆ ನನ್ನ ಅಂಗಡಿಗೆ ಬಂದೇ ಹೋಗುತ್ತಾರೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನಮ್ಮದು, ಅಪ್ಪನ ಕಾಲದ್ದು. ಮೊದಲು ಮೊಬೈಲಿಗೆ ಫೋಟೋ ಬರುತ್ತದೆ. ಅದರ ಬೆನ್ನಿಗೇ ಫೋನು ಬರುತ್ತದೆ, ನಾಡಿದ್ದು ಶಿವಗಣಾರಾಧನೆ, ನಾಳೆ ಸಂಜೆಯೊಳಗೆ ಬೇಕು ಅನ್ನುತ್ತಾರೆ. ಹೋದವರು ಯಾವುದೋ ಮದುವೆಯಲ್ಲಿ ಯಾರದೋ ಹೆಗಲ ಮೇಲೆ ಕೈ ಹಾಕಿ ನಿಂತ ಫೋಟೋ ಅದು. ಆ ಹೆಗಲನ್ನು ತೆಗೆದು, ಹಿಂದೆ ನೀಲಿ ಆಕಾಶ ಹಾಕಿ, ಅಂಚು ಕತ್ತರಿಸಿ, ಗಾಜು ಕೂರಿಸಿ ಕೊಟ್ಟರೆ ನನ್ನ ಕೆಲಸ ಮುಗಿಯಿತು. ಇಷ್ಟು ವರ್ಷದಲ್ಲಿ ಅದಕ್ಕೆ ಕೈ ತಡೆದದ್ದಿಲ್ಲ.

ಹೋದ ತಿಂಗಳು ಡಾಕ್ಟರ ಫೋಟೋ ಬಂತು. ಅವರ ಹೆಂಡತಿ ಕಳಿಸಿದ್ದರು. ಯಾವುದೋ ಅರ್ಜಿಗೆಂದು ತೆಗೆಸಿದ ಚಿಕ್ಕ ಫೋಟೋ, ಅದರಲ್ಲೂ ಮನುಷ್ಯ ಕ್ಯಾಮೆರಾ ನೋಡದೆ ಪಕ್ಕಕ್ಕೆ ನೋಡುತ್ತಿದ್ದಾರೆ. ದೊಡ್ಡದು ಮಾಡಿ ಪ್ರಿಂಟು ತೆಗೆದು ಮೇಜಿನ ಮೇಲೆ ಹಾಸಿಕೊಂಡೆ. ಅಳತೆಪಟ್ಟಿ ಇಟ್ಟು ಬ್ಲೇಡು ಹಿಡಿದೆ. ಅಷ್ಟೇ. ಅವರ ದನಿ ಕಿವಿಯೊಳಗೇ ಕೂತಿತ್ತು. ಆ ಮಧ್ಯಾಹ್ನ ಅಂಗಡಿಯ ಷಟರ್ ಅರ್ಧ ಎಳೆದು ಸುಮ್ಮನೆ ಕೂತುಬಿಟ್ಟೆ.

ಡಾಕ್ಟರೆಂದರೆ ಕೆಮ್ಮು ನೆಗಡಿಗೆ ಮಾತ್ರೆ ಬರೆಯುವ ಡಾಕ್ಟರಲ್ಲ. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವವರು. ಹಳ್ಳಿಯವರು ನಿದ್ದಿ ಡಾಕ್ಟ್ರು ಅನ್ನುತ್ತಿದ್ದರು. ಕುರುಗೋಡಿನ ಕಡೆಯ ಮನೆತನ, ಬಳ್ಳಾರಿಯಲ್ಲಿ ವಾಸ. ಸ್ವಂತ ಆಸ್ಪತ್ರೆ ಅಂತ ಇರಲಿಲ್ಲ. ಇಲ್ಲಿನ ನರ್ಸಿಂಗ್ ಹೋಮುಗಳಿಗೆ, ಸಿರುಗುಪ್ಪಕ್ಕೆ, ಕುರುಗೋಡಿಗೆ, ಎಲ್ಲಿ ಕರೆದರೆ ಅಲ್ಲಿಗೆ ಒಂದು ಹಳೆಯ ಬಿಳಿ ಕಾರಿನಲ್ಲಿ ಓಡಾಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಔಷಧಿಯ ಪೆಟ್ಟಿಗೆ, ಅದರ ಪಕ್ಕ ಉದ್ದದ ಒಂದು ರಟ್ಟಿನ ಕೊಳವೆ. ಪೆಟ್ಟಿಗೆಯ ಮೇಲೆ ಬೇಕಾದರೆ ನೀವು ಕಾಲು ಚಾಚಬಹುದಿತ್ತು. ಕೊಳವೆಗೆ ಮೊಣಕೈ ತಾಗಿದರೂ ಕಾರು ನಿಲ್ಲುತ್ತಿತ್ತು.

ಮಾತಾಡುವಾಗ ಎದುರಿನವರ ಮಣಿಕಟ್ಟು ಹಿಡಿಯುವುದು ಅವರ ಅಭ್ಯಾಸ. ಹೊಸಬರು ಪ್ರೀತಿ ಅಂದುಕೊಳ್ಳುತ್ತಿದ್ದರು. ನಾಡಿ ನೋಡುತ್ತಿದ್ದಾರೆ ಅಂತ ನನಗೆ ಗೊತ್ತಾಗಲು ಬಹಳ ದಿನ ಹಿಡಿಯಿತು. ದನಿ ಮಾತ್ರ ಯಾವಾಗಲೂ ತಗ್ಗಿದ್ದು. ಒಂದು ಮಾತನ್ನು ಪದೇಪದೇ ಹೇಳುತ್ತಿದ್ದರು. ದೂರೇನೂ ಅಲ್ಲ, ಬಸ್ಸಿನ ವೇಳೆ ಹೇಳಿದ ಹಾಗೆ ಹೇಳುತ್ತಿದ್ದರು. "ಹೊಟ್ಟಿ ಕೊಯ್ದಾವ ದೇವ್ರು ಆಗ್ತಾನ. ಮಲಗಿಸಿದಾವ ಯಾರಿಗೂ ನೆನಪಿರಾಂಗಿಲ್ಲ. ನನ್ನ ಮುಖ ನೋಡ್ತಿದ್ದಂಗನ ಕಣ್ಣು ಮುಚ್ಚತಾರಪ ಎಲ್ರೂ."

ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಆ ಕೊಳವೆಯಿಂದ ಒಂದು ದಪ್ಪ ಹಾಳೆ ತೆಗೆದು ಬಿಡಿಸಿದರು. ಅದರಲ್ಲಿ ಒಂದು ಇಲಿ ಕೊಡೆ ಹಿಡಿದು ನಿಂತಿತ್ತು, ಎರಡೇ ಬಣ್ಣ. ಹಾಳೆಯ ಸುತ್ತ ಅಂಗೈ ಅಗಲದ ಬಿಳಿ ಅಂಚು. ದೇವರ ಕ್ಯಾಲೆಂಡರು ತಂದವರಿಗೆ ನಾವು ಮಾಡುವುದೇ ಅದು, ಕೆಳಗಿನ ತಾರೀಖಿನ ಭಾಗ, ಸುತ್ತಲಿನ ಬಿಳುಪು ಎಲ್ಲ ಕೊಯ್ದು ಲಕ್ಷ್ಮಿಯನ್ನೊಬ್ಬಳನ್ನೇ ಉಳಿಸಿಕೊಳ್ಳುತ್ತೇವೆ. ಬ್ಲೇಡು ಎತ್ತಿದ್ದೆ, ಮಣಿಕಟ್ಟು ಹಿಡಿದರು. ಆ ಹಿಡಿತಕ್ಕೆ ನನ್ನ ಬೆರಳು ತಾವಾಗಿ ಬಿಚ್ಚಿಕೊಂಡವು.

"ಅಂಚು ಮುಟ್ಟಬ್ಯಾಡ."

"ಸಾರ್, ಬರೀ ಬಿಳೇ ಹಾಳಿ ಐತ್ರಿ ಅದು."

"ಅಲ್ಲೇ ಐತಪ ಅದರ ಜೀವ," ಅಂದರು.

ಅಂಚಿನ ಕೆಳಗೆ ಒಂದು ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಒಂದು ಅಂಕಿ ಇತ್ತು, ಇನ್ನೊಂದು ಮೂಲೆಯಲ್ಲಿ ಗೀಚಿದಂಥ ಸಹಿ. ಗೋಡೆಯ ಮೇಲೆ ಕದ್ದು ಚಿತ್ರ ಬರೆಯುವ ಕಲಾವಿದರು ಜಗತ್ತಿನಲ್ಲೆಲ್ಲ ಇದ್ದಾರೆ, ಅವರ ಗೋಡೆಯನ್ನು ಯಾರಿಗೂ ಮನೆಗೆ ಹೊತ್ತು ತರಲಾಗುವುದಿಲ್ಲ, ಹಾಗಾಗಿ ಅದೇ ಚಿತ್ರವನ್ನು ಸ್ಕ್ರೀನ್ ಪ್ರಿಂಟಿನಲ್ಲಿ ಇಷ್ಟೇ ಅಂತ ಎಣಿಸಿ ಅಚ್ಚು ಹಾಕುತ್ತಾರೆ, ಎಷ್ಟನೆಯದು ಅಂತ ಅಂಚಿನಲ್ಲಿ ಬರೆಯುತ್ತಾರೆ, ಕೊನೆಯದು ತೆಗೆದ ಮೇಲೆ ಶಾಯಿ ಇಳಿಸುವ ಬಟ್ಟೆಯ ಸ್ಕ್ರೀನನ್ನೇ ಹರಿದುಹಾಕುತ್ತಾರೆ ಅಂತ ಆವತ್ತು ಗೊತ್ತಾಯಿತು. ಅಂಚು ಹೋದರೆ ಅದು ಯಾವುದೋ ಒಂದು ಪಟ, ಅಷ್ಟೆ. ನನಗೆ ನಗು ಬಂತು. ನಮ್ಮ ಊರಿನಲ್ಲಿ ಗೋಡೆಯ ಮೇಲೆ ಬರೆಯುವುದೆಂದರೆ ಸಿಮೆಂಟಿನ ಜಾಹೀರಾತು, ಮೂಲವ್ಯಾಧಿಯ ಔಷಧಿ, ಇಲ್ಲಿ ಮೂತ್ರ ಮಾಡಬೇಡಿ. ಅದನ್ನು ದುಡ್ಡು ಕೊಟ್ಟು ತರಿಸುವ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು.

ಅವರ ಮನೆಗೆ ಹೋದ ಮೇಲೆ ಇನ್ನೂ ಆಶ್ಚರ್ಯ. ಗೋಡೆಗಳೆಲ್ಲ ಖಾಲಿ. ಒಂದು ಕೋಣೆಯ ಕಿಟಕಿಗೆ ಕಪ್ಪು ಪರದೆ ಹೊಡೆಸಿ, ಮುಚ್ಚಿಹೋದ ಯಾವುದೋ ಆಸ್ಪತ್ರೆಯಿಂದ ಎಕ್ಸ್‌ರೇ ಇಡುವ ಅಗಲ ಡ್ರಾಯರಿನ ಕಬ್ಬಿಣದ ಬೀರು ತಂದಿಟ್ಟು, ಅದರೊಳಗೆ ಒಂದರ ಮೇಲೊಂದು ಮಲಗಿಸಿದ್ದರು. ನಾನು ಕಟ್ಟು ಹಾಕಿಕೊಟ್ಟದ್ದನ್ನೂ ಬಟ್ಟೆ ಸುತ್ತಿ ಗೋಡೆಗೆ ಒರಗಿಸಿದ್ದರು. ಬಳ್ಳಾರಿಯ ಬಿಸಿಲಿಗೆ ಬಣ್ಣ ತಡೆಯುವುದಿಲ್ಲವಂತೆ. ರಿಟೈರಾದ ಮೇಲೆ ಒಂದೊಂದೇ ಹೊರಗೆ ತೆಗೆದು ನೋಡುತ್ತಾರಂತೆ.

ಅವರ ಹೆಂಡತಿ ಚಹಾ ತಂದಿಡುತ್ತಾ ಹೇಳಿದರು. "ಮನುಷ್ಯಾರನ್ನೂ ಮಲಗಸ್ತಾರ, ಪಟಾನೂ ಮಲಗಸ್ತಾರ. ಮನುಷ್ಯಾರರ ಏಳ್ತಾರ."

ಡಾಕ್ಟರು ನಕ್ಕರು. ಗಂಡ ಹೆಂಡಿರ ನಡುವೆ ಇದು ಹಳೆಯ ಮಾತು ಅಂತ ತಿಳಿಯುತ್ತಿತ್ತು. ಆಕೆಯೇ ಹೇಳಿದ ಇನ್ನೊಂದು ಸಂಗತಿಯೂ ಇದೆ. ಲಂಡನ್ನಿನ ಯಾವನೋ ಹೊಸ ಚಿತ್ರ ಬಿಡುಗಡೆ ಮಾಡುತ್ತಾನೆ ಅಂದರೆ ಗಳಿಗೆಯೊಳಗೆ ಎಲ್ಲ ಮಾರಿಹೋಗುತ್ತದೆ. ಅಂಥ ಒಂದು ದಿನ ಆಪರೇಷನ್ ಮುಗಿಸಿ ಪಕ್ಕದ ಕೋಣೆಯಲ್ಲಿ ಫೋನು ಒತ್ತುತ್ತಾ ಬೆವರುತ್ತಿದ್ದ ಇವರನ್ನು ನೋಡಿ, ನರ್ಸೊಬ್ಬಳು ಡಾಕ್ಟ್ರು ರಮ್ಮಿ ಆಡಾಕ ಹತ್ಯಾರ ಅಂತ ಊರೆಲ್ಲ ಹೇಳಿಕೊಂಡು ಬಂದಳಂತೆ. ಇವರು ತಿದ್ದಲೂ ಹೋಗಲಿಲ್ಲ. ರಮ್ಮಿ ಅಂದರೆ ಜನಕ್ಕೆ ಅರ್ಥವಾಗುತ್ತದೆ, ಇದು ಆಗುವುದಿಲ್ಲ ಅಂದರಂತೆ.

ಹೀಗಿರುವಾಗ ನಮ್ಮ ಊರಿನ ಗೋಡೆಗಳ ಮೇಲೇ ಚಿತ್ರ ಏಳತೊಡಗಿದವು. ರೈಲ್ವೆ ಅಂಡರ್‌ಪಾಸಿನಲ್ಲಿ ಜೀನ್ಸ್ ಪ್ಯಾಂಟು ತೊಟ್ಟು ಬಸ್ಸಿಗೆ ಕಾಯುವ ಎಮ್ಮೆ. ಒಂದು ನಲ್ಲಿಯ ಮೇಲೆ ಕೊಡ ಹಿಡಿದ ಹುಡುಗಿ, ನಲ್ಲಿಯಿಂದ ಬರುವುದು ಗಣಿಯ ಕೆಂಪು ಧೂಳು. ಹಿಂದಿನ ದಿನ ಇರಲಿಲ್ಲ, ಬೆಳಗಾಗುವುದರೊಳಗೆ ಇರುತ್ತಿತ್ತು. ಮೂಲೆಯಲ್ಲಿ ಸಹಿಯ ಬದಲು ಒಂದು ಪುಟ್ಟ ಕತ್ತರಿ. ಯಾರು ಬರೆಯುತ್ತಾರೆ ಅಂತ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರು ಸಿರುಗುಪ್ಪಕ್ಕೆ ಹೋಗುವ ದಾರಿ ಬಿಟ್ಟು ಊರೆಲ್ಲ ಸುತ್ತಿ ಹೋಗುವುದಕ್ಕೆ ಶುರುಮಾಡಿದರು. ಹೊಸದು ಕಂಡ ದಿನ ನನ್ನ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಇಳಿಯದೆ, ಗಾಜು ಇಳಿಸಿ, "ಇನ್ನೊಂದು ಎದ್ದೈತಿ" ಅಂತ ಹೇಳಿ ಹೋಗುತ್ತಿದ್ದರು. ಆ ಮುಖದಲ್ಲಿ ಅಷ್ಟು ಸಂತೋಷ ನಾನು ಬೇರೆ ಯಾವಾಗಲೂ ನೋಡಿಲ್ಲ.

ಜಾಡು ಹಿಡಿದದ್ದೂ ಅವರೇ. ನಮ್ಮ ಓಣಿಯ ಹಿಂದೆ ಮದುವೆ ಕಾರ್ಡು, ಜೀನ್ಸಿನ ಲೇಬಲ್ಲು ಅಚ್ಚುಹಾಕುವ ಒಬ್ಬ ಭಾಯ್ ಇದ್ದಾನೆ, ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಪಳಗಿದ ಕೈ. ಆ ಕತ್ತರಿಯವರು ತಮ್ಮ ಚಿತ್ರಗಳನ್ನು ಅವನ ಹತ್ತಿರವೇ ದಪ್ಪ ಹಾಳೆಯ ಮೇಲೆ ಅಚ್ಚು ಹಾಕಿಸಿ, ಬೇರೆ ಬೇರೆ ಊರಿನವರಿಗೆ ಅಂಚೆಯಲ್ಲಿ ಕಳಿಸುತ್ತಾರೆ ಅಂತ ತಿಳಿಯಿತು. ಯಾರು, ಏನು ಅಂತ ಭಾಯ್ ಬಾಯಿ ಬಿಡಲಿಲ್ಲ. "ಜಬಾನ್ ಕೊಟ್ಟೀನ್ರಿ, ಕೇಳಬ್ಯಾಡ್ರಿ" ಅಂದ. ಡಾಕ್ಟರೂ ಒತ್ತಾಯ ಮಾಡಲಿಲ್ಲ. ಪ್ರತಿ ಚಿತ್ರದ ಮೊದಲ ಪ್ರತಿ ತಮಗೇ ಬೇಕು, ಕೊನೆಯ ಹಾಳೆ ಇಳಿದ ಕೂಡಲೇ ಸ್ಕ್ರೀನು ಹರಿಯಬೇಕು, ಅದು ತಮ್ಮ ಕಣ್ಣೆದುರಿಗೇ ಆಗಬೇಕು, ಇಷ್ಟೇ ಅವರ ಷರತ್ತು.

ಭಾಯ್‌ಗೆ ಇದು ದೊಡ್ಡ ತಮಾಷೆ. "ಮದಿವಿ ಕಾರ್ಡೂ ಹಂಗನ ರೀ ಸಾಹೇಬ್ರ. ಮದಿವಿ ಮುಗದ ಮ್ಯಾಲ ಯಾವಾವ ಮತ್ತೊಂದು ಕೇಳ್ತಾನ? ಆದ್ರೂ ಸ್ಕ್ರೀನು ತೊಳದು ಮತ್ತ ಬಳಸ್ತೀನಿ. ಹರಿಯೋದು ಯಾಕ?"

"ತೊಳದ್ರ ನಿನ್ನ ಮ್ಯಾಲ ನಂಬಿಕಿ ಇಡಬೇಕಾಗ್ತೈತಿ. ಹರದ್ರ ಬೇಕಾಗಿಲ್ಲ," ಅಂದರು ಡಾಕ್ಟರು.

ಆ ವರ್ಷದ ಬೇಸಿಗೆಯಲ್ಲಿ ಬಂದದ್ದು ಸ್ಕಾರ್ಫಿನ ಹುಡುಗಿಯ ಚಿತ್ರ. ನಮ್ಮ ಬಿಸಿಲಿಗೆ ಸ್ಕೂಟಿ ಓಡಿಸುವ ಹುಡುಗಿಯರು ಮುಖಕ್ಕೆಲ್ಲ ಸ್ಕಾರ್ಫ್ ಸುತ್ತಿ ಕಣ್ಣಷ್ಟೇ ಬಿಟ್ಟಿರುತ್ತಾರಲ್ಲ, ಹಾಗೆ. ಕಣ್ಣು ಹುಬ್ಬು ಕಪ್ಪಿನಲ್ಲಿ, ಸ್ಕಾರ್ಫ್ ಮಾತ್ರ ರಸ್ತೆ ಕೆಲಸದವರ ಜಾಕೀಟಿನಂಥ ಉರಿಯುವ ಕೇಸರಿ. ಸಿರುಗುಪ್ಪದ ರಸ್ತೆಗೆ ತಿರುಗುವಲ್ಲಿದ್ದ ಒಂದು ಉದ್ದನೆಯ ಗೋಡೆಯ ಮೇಲೆ ಅದು ಎದ್ದಾಗ ಬಸ್ಸಿನವರೆಲ್ಲ ತಲೆ ಹೊರಗೆ ಹಾಕಿ ನೋಡುತ್ತಿದ್ದರು. ಅದರ ಪ್ರಿಂಟಿನ ದಿನ ಡಾಕ್ಟರ ಜೊತೆ ನಾನೂ ಹೋಗಿದ್ದೆ. ಕೊನೆಯ ಹಾಳೆ ಇಳಿದ ಮೇಲೆ ಭಾಯ್ ತಲೆ ಕೆರೆದುಕೊಂಡ. "ಇದೊಂದು ಸ್ಕ್ರೀನು ಇಡೂನಾ ಸಾಹೇಬ್ರ? ಬರದಾಕಿಗೆ ಇದರ ಮ್ಯಾಲ ಭಾಳ ಪ್ರೀತಿ ಐತಿ." ಬರೆದಾಕಿ ಅಂದದ್ದು ಅವನಿಗೇ ಆಮೇಲೆ ಹೊಳೆದು ನಾಲಿಗೆ ಕಚ್ಚಿಕೊಂಡ. ಡಾಕ್ಟರು ಕೇಳಿಸಿಕೊಳ್ಳದವರ ಹಾಗೆ ನನ್ನ ಜೇಬಿನ ಬ್ಲೇಡು ಇಸಿದುಕೊಂಡು ಸ್ಕ್ರೀನಿನ ಬಟ್ಟೆಯನ್ನು ಈ ಮೂಲೆಯಿಂದ ಆ ಮೂಲೆಗೆ ಸೀಳಿದರು. ಬಟ್ಟೆ ಎರಡಾಗಿ ಜೋತುಬಿತ್ತು.

ಮಳೆಗಾಲ ಕಳೆದಿತ್ತು. ಒಂದು ಸಂಜೆ ಡಾಕ್ಟರು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ನನ್ನ ಮಣಿಕಟ್ಟು ಹಿಡಿಯಲಿಲ್ಲ. ತಮ್ಮದನ್ನೇ ತಾವು ಹಿಡಿದುಕೊಂಡು ಕೂತಿದ್ದರು.

ಅವರು ಹೇಳಿದ್ದು ಇಷ್ಟು. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಎತ್ತರದ ಗೋಡೆಗೆ ಚಿತ್ರ ಬರೆಯಲು ಒಬ್ಬ ಹುಡುಗಿಯನ್ನು ಕರೆಸಿದ್ದರು. ಕದ್ದು ಬರೆಯುವುದಲ್ಲ, ಹಗಲು ಹೊತ್ತಿನಲ್ಲಿ, ಅಪ್ಪಣೆಯ ಮೇಲೆ. ಅಟ್ಟಣಿಗೆಯ ಬೊಂಬು ಜಾರಿ ಮೇಲಿನಿಂದ ಬಿದ್ದಳು. ಅಲ್ಲಿನ ನರ್ಸಿಂಗ್ ಹೋಮಿಗೆ ತಂದಾಗ ಇವರು ಬೇರೊಂದು ಕೇಸಿಗೆ ಅಲ್ಲೇ ಇದ್ದರು. ಹೊಟ್ಟೆಯೊಳಗೆ ರಕ್ತ ತುಂಬುತ್ತಿತ್ತು, ಬಳ್ಳಾರಿಗೆ ಸಾಗಿಸುವಷ್ಟು ವೇಳೆ ಇರಲಿಲ್ಲ. ಮಲಗಿಸಲು ಕೈ ಹಿಡಿದಾಗ ಉಗುರಿನ ಸಂದಿಯಲ್ಲಿ ಆ ಉರಿಯುವ ಕೇಸರಿ ಕಂಡಿತು. ಹಳೆಯದು, ತಿಂಗಳುಗಟ್ಟಲೆ ತೊಳೆದರೂ ಹೋಗದ್ದು. ಆಮೇಲೆ ಕಣ್ಣು ನೋಡಿದರು, ಸ್ಕಾರ್ಫಿನ ಮೇಲಿದ್ದ ಅದೇ ಕಣ್ಣು.

"ಜೀನ್ಸ್ ಫ್ಯಾಕ್ಟರ್‍ಯಾಗ ಕಟಿಂಗ್ ಮಾಡ್ತಿದ್ಲಂತಪ. ಬಾದನಹಟ್ಟಿ ಹುಡುಗಿ. ಅದಕ್ಕ ಕತ್ತರಿ."

"ಬದುಕಿದ್ಲೇನ್ರಿ?"

"ಎಬ್ಬಸಾಕ ಆಗಲಿಲ್ಲ," ಅಂದರು. ಸತ್ತಳು ಅನ್ನಲಿಲ್ಲ. ಎದ್ದು ಹೋದರು.

ಹುಡುಗಿಯ ಹೆಸರು ರೇಣುಕಾ. ಅವಳ ತಾಯಿ ಹುಲಿಗೆಮ್ಮ, ಮೆಣಸಿನಕಾಯಿ ಹೊಲಗಳಿಗೆ ಕೂಲಿಗೆ ಹೋಗುವ ಹೆಂಗಸು. ಮಗಳು ಫ್ಯಾಕ್ಟರಿಯಲ್ಲಿ ಬಟ್ಟೆ ಕತ್ತರಿಸುತ್ತಾಳೆ ಅನ್ನುವುದನ್ನು ಬಿಟ್ಟು ಬೇರೇನೂ ಅವಳಿಗೆ ಗೊತ್ತಿರಲಿಲ್ಲ. ಸತ್ತ ಮೇಲೆ ಯಾರೋ ಬಂದು, ನಿನ್ನ ಮಗಳು ತನ್ನ ಮುಖ ತಾನೇ ಗೋಡೆಯ ಮೇಲೆ ಬರೆದಿಟ್ಟಿದ್ದಾಳೆ ಅಂತ ತೋರಿಸಿದರಂತೆ. ಅಲ್ಲಿಂದ ಮುಂದೆ ಕೂಲಿ ಇಲ್ಲದ ದಿನಗಳಲ್ಲಿ ಬಸ್ಸು ಹತ್ತಿ ಬಳ್ಳಾರಿಗೆ ಬಂದು ಆ ಗೋಡೆಯ ಎದುರು ಕೂರುತ್ತಿದ್ದಳು. ಗೂಡಂಗಡಿಯವರು ಇವಳಿಗೆ ನೀರು ಕೊಡುತ್ತಿದ್ದರು. ಒಂದು ದಿನ ಬಂದಾಗ ಗೋಡೆ ಪೂರ್ತಿ ಸುಣ್ಣವಾಗಿತ್ತು. ಯಾರೋ ದೊಡ್ಡವರು ಬರುವವರಿದ್ದರಂತೆ, ರಸ್ತೆ ಚೊಕ್ಕ ಮಾಡಿದ್ದರು.

ಅದಾದ ಮೇಲೆ ಅವಳು ನನ್ನ ಅಂಗಡಿಗೆ ಬಂದಳು. ಭಾಯ್ ಕಳಿಸಿದ್ದ. ಕೈಯಲ್ಲಿ ಒಂದು ಖಾಲಿ ಚೌಕಟ್ಟಿತ್ತು, ಗೋಡೆಗೆ ನೇತುಹಾಕುವ ಕನ್ನಡಿಯದು, ಕನ್ನಡಿ ಒಡೆದುಹೋಗಿತ್ತು.

"ಇದರಾಗ ನನ ಮಗಳನ್ನ ಕೂಡಿಸಿ ಕೊಡಪ," ಅಂದಳು.

ಫೋಟೋ ಕೇಳಿದೆ. ಫೋನಿನಲ್ಲಿ ರಾಶಿ ಇದ್ದವಂತೆ, ಫೋನಿಗೆ ಬೀಗ ಹಾಕಿದ್ದಾಳೆ, ಬೀಗದ ನಂಬರು ಅವಳ ಜೊತೆಗೇ ಹೋಯಿತು. ಆಧಾರ್ ಕಾರ್ಡಿನದನ್ನು ದೊಡ್ಡದು ಮಾಡಿ ಯಾವನೋ ಸ್ಟುಡಿಯೋದವನು ಕೊಟ್ಟಿದ್ದಾನೆ. "ಅದು ಯಾರೋ ಏನೋ. ನಮ್ಮಾಕಿ ಅಲ್ಲ." ಗೋಡೆಯ ಮೇಲಿದ್ದವಳೇ ಬೇಕು. ಅದೇ ಹಾಳೆಯ ಮೇಲೂ ಇತ್ತಂತೆ. ಉಳಿದವೆಲ್ಲ ಹೆಸರು ಗೊತ್ತಿಲ್ಲದ ಊರುಗಳಿಗೆ ಹೋಗಿವೆ, ಮಗಳು ತನ್ನ ಪಾಲಿನದನ್ನೂ ಇನ್ನೊಂದು ಗೋಡೆಗೇ ಅಂಟಿಸಿಬಿಟ್ಟಿದ್ದಾಳೆ, ಊರಲ್ಲಿರುವುದು ಒಂದೇ, ಅದು ಡಾಕ್ಟರ ಹತ್ತಿರ ಇದೆ ಅಂತ ಭಾಯ್ ಹೇಳಿದ್ದ. ಮತ್ತೊಂದು ಅಚ್ಚು ಹಾಕಿಕೊಡು ಅಂದದ್ದಕ್ಕೆ ಹರಿದ ಸ್ಕ್ರೀನನ್ನು ತೋರಿಸಿದ್ದ.

ನಾನು ಡಾಕ್ಟರಿಗೆ ಫೋನು ಮಾಡಿದೆ. "ವಿಚಾರ ಮಾಡ್ತೀನಿ," ಅಂದರು. ನನಗೆ ಸಿಟ್ಟು ಬಂತು. ವಿಚಾರ ಮಾಡುವುದೇನಿತ್ತು ಅದರಲ್ಲಿ.

ಮುಂದಿನ ವಾರ ಬಂದರು. ಹುಲಿಗೆಮ್ಮನನ್ನೂ ಬರಹೇಳಿದ್ದೆ. ಕೊಳವೆಯಿಂದ ತೆಗೆದದ್ದು ಅಸಲಿ ಅಲ್ಲ. ಅಸಲಿಯನ್ನು ಸ್ಕ್ಯಾನ್ ಮಾಡಿಸಿ ಒಳ್ಳೆಯ ಕಾಗದದ ಮೇಲೆ ಡಿಜಿಟಲ್ ಪ್ರಿಂಟು ತೆಗೆಸಿದ್ದರು, ಕನ್ನಡಿಯ ಅಳತೆಗೆ ಸರಿಯಾಗಿ. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಆ ಉರಿಯುವ ಬಣ್ಣ ಯಾವ ಮಷೀನಿನಲ್ಲೂ ಬರುವುದಿಲ್ಲ, ಅದು ಸ್ಕ್ರೀನಿನ ಶಾಯಿಯಲ್ಲೇ ಇರಬೇಕು. ಇಲ್ಲಿ ಅದು ಮಣ್ಣಿನ ಬಣ್ಣಕ್ಕೆ ತಿರುಗಿ, ಸ್ಕಾರ್ಫ್ ಗಾಯಕ್ಕೆ ಕಟ್ಟಿದ ಪಟ್ಟಿಯ ಹಾಗೆ ಕಾಣುತ್ತಿತ್ತು. ಹುಲಿಗೆಮ್ಮ ಹಾಳೆಯನ್ನು ಮುಟ್ಟಲೇ ಇಲ್ಲ. ಡಾಕ್ಟರ ಮುಖವನ್ನೇ ನೋಡುತ್ತಿದ್ದಳು.

"ನೀವು ಅವತ್ತು ಹಸ್ರು ಬಟ್ಟಿ ಹಾಕ್ಕೊಂಡು ಹೊರಗ ಬಂದಿದ್ರಿ," ಅಂದಳು. "ಉಳದ ಡಾಕ್ಟ್ರು ಮಾತಾಡಿದ್ರು. ನೀವು ಮಾತಾಡಲಿಲ್ಲ. ಗ್ವಾಡಿಗೆ ಕೈ ಊರಿ ನಿಂತಿದ್ರಿ."

ಡಾಕ್ಟರು ಬಿಳಿಚಿಕೊಂಡರು. ತಮ್ಮ ಮುಖ ಯಾರಿಗೂ ನೆನಪಿರುವುದಿಲ್ಲ ಅಂತ ಜೀವಮಾನವೆಲ್ಲ ಹೇಳಿಕೊಂಡು ಬಂದ ಮನುಷ್ಯ. ಡಿಜಿಟಲ್ ಪ್ರಿಂಟನ್ನು ಸುರುಳಿ ಸುತ್ತಲು ಹೋದರು, ಸರಿಯಾಗಿ ಸುತ್ತಲು ಬರಲಿಲ್ಲ, ಅಲ್ಲೇ ಬಿಟ್ಟು ಕಾರು ಹತ್ತಿದರು.

ಬಹಳ ದಿನ ಸುದ್ದಿ ಇಲ್ಲ. ಅವರ ಹೆಂಡತಿ ನಂತರ ಹೇಳಿದರು, ಆ ದಿನಗಳಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದರಂತೆ, ಡ್ರಾಯರು ತೆರೆಯುವ ಸದ್ದಾಗುತ್ತಿತ್ತು, ಮುಚ್ಚುವ ಸದ್ದಾಗುತ್ತಿತ್ತು. "ಒಂದು ಹಾಳಿ ರೀ ಅದು, ಕೊಟ್ಟು ಬಿಡ್ರಿ ಅಂದೆ. ನಿನಗ ತಿಳಿಯಂಗಿಲ್ಲ ಅಂದ್ರು. ಹೌದು ಬಿಡ್ರಿ, ನನಗ ತಿಳಿಯಂಗಿಲ್ಲ ಅಂದೆ." ಇಲ್ಲಿ ಡಾಕ್ಟರ ಪರವಾಗಿ ನಾನೊಂದು ಮಾತು ಹೇಳಬೇಕು. ಜಿಪುಣತನವಲ್ಲ ಅದು. ಗೋಡೆ ಅಳಿಸಿಹೋಗುತ್ತದೆ, ಮನುಷ್ಯರು ಏಳುವುದಿಲ್ಲ, ತಮ್ಮ ಡ್ರಾಯರಿನಲ್ಲಿದ್ದದ್ದು ಮಾತ್ರ ಇದ್ದ ಹಾಗೇ ಇರುತ್ತದೆ ಅಂತ ನಂಬಿಕೊಂಡಿದ್ದ ಮನುಷ್ಯ. ಆ ನಂಬಿಕೆಯ ಒಂದು ಹಾಳೆಯನ್ನು ಅವಳು ಕೇಳಿದ್ದಳು.

ಕೊನೆಗೆ ಅಸಲಿಯನ್ನು ತಂದರು. ಹುಲಿಗೆಮ್ಮ ಚೌಕಟ್ಟನ್ನು ನನ್ನಲ್ಲೇ ಬಿಟ್ಟಿದ್ದಳು, ಅದನ್ನು ಮೇಜಿನ ಮೇಲಿಟ್ಟು ಹಾಳೆಯನ್ನು ಹಿಡಿದು ನೋಡಿದೆವು. ಮುಖವೇನೋ ಸರಿಯಾಗಿ ಕೂರುತ್ತಿತ್ತು. ಸುತ್ತಲಿನ ಬಿಳಿ ಅಂಚು ಹೊರಗುಳಿಯುತ್ತಿತ್ತು.

"ದೊಡ್ಡ ಕಟ್ಟು ಹಾಕಿ ಕೊಡ್ತೀನಿ ತಾಯಿ, ನನ್ನ ಕಡೆಯಿಂದ," ಅಂದೆ.

"ಬ್ಯಾಡ. ಅಕಿ ದಿನಾ ಇದರ ಮುಂದ ನಿಂತು ಸ್ಕಾರ್ಫ್ ಕಟ್ಕೊಂತಿದ್ಲು. ಇದರಾಗ ಕೂಡಸು."

"ಅಂಚು ಹಿಂದಕ್ಕ ಮಡಚೂನೇನ್ರಿ?" ಅಂತ ಡಾಕ್ಟರನ್ನು ಕೇಳಿದೆ.

"ಮಡಚಿದ್ರ ಬಣ್ಣ ಬಿರೀತೈತಿ. ಕೊಯ್ಯೋದ ಚಲೋ," ಅಂದರು. ಕೈ ಚಾಚಿದರು.

ನಾನು ಬ್ಲೇಡು ಕೊಟ್ಟೆ. ಅಳತೆಪಟ್ಟಿ ಇಟ್ಟು, ಮೈಬಗ್ಗಿಸಿ, ನಿಧಾನಕ್ಕೆ ಒಂದೊಂದೇ ಬದಿ ಕೊಯ್ದರು. ಕೈ ಅಲ್ಲಾಡಲಿಲ್ಲ. ಕೆಳಗಿನ ಅಂಚು ಕೊನೆಗೆ ಉಳಿದಿತ್ತು, ಪೆನ್ಸಿಲ್ಲಿನ ಅಂಕಿ, ಪುಟ್ಟ ಕತ್ತರಿ ಇದ್ದದ್ದು. ಆಗ ಹುಲಿಗೆಮ್ಮ ಕೇಳಿದಳು.

"ಮಲಗೋ ಮುಂಚೆ ಏನರ ಅಂದ್ಲೇನ್ರಿ?"

ಬ್ಲೇಡು ನಿಂತಿತು. ಆಸ್ಪತ್ರೆಯಲ್ಲಿ ಅವರು ಇದನ್ನು ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ.

"ಅಂದ್ಲಮ್ಮ. 'ಗ್ವಾಡಿ ಹತ್ತಿದ್ದೆ ಅಂತ ಅವ್ವಗ ಹೇಳಬ್ಯಾಡ್ರಿ, ಬೈತಾಳ' ಅಂದ್ಲು. ಹೇಳಾಂಗಿಲ್ಲ ಅಂದೆ. ಅದಕ್ಕ ಹೇಳಿದ್ದಿಲ್ಲ."

ಹೇಳಿ, ಕೊನೆಯ ಅಂಚನ್ನೂ ಕೊಯ್ದರು. ಆ ಪಟ್ಟಿಯನ್ನು ನಾನು ಎತ್ತಿಡಲು ಹೋದೆ. "ಕಸಕ್ಕ ಹಾಕು," ಅಂದರು. ಚೌಕಟ್ಟನ್ನು ಹುಲಿಗೆಮ್ಮನ ಕೈಗೆ ಕೊಡುವಾಗ ಒಂದೇ ಮಾತು ಹೇಳಿದರು. "ಬಿಸಿಲಿಗೆ ಹಾಕಬ್ಯಾಡಮ್ಮ." ಅವಳು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಸಂಜೆ ಅಂಗಡಿ ಗುಡಿಸುವಾಗ ಆ ಪಟ್ಟಿಗಳೂ ಉಳಿದ ಚೂರುಗಳ ಜೊತೆ ಹೋದವು.

ಆಮೇಲೆ ಕುರುಗೋಡಿನ ಕರೆ ಬಂದಾಗಲೆಲ್ಲ ಡಾಕ್ಟರು ಅಲ್ಲೇ ಹತ್ತಿರದ ಹುಲಿಗೆಮ್ಮನ ಊರು ಬಾದನಹಟ್ಟಿಗೂ ಹೋಗತೊಡಗಿದರು. ಮೊದಲ ಸಲ ಹೋಗಿ ಬಂದವರೇ ನನ್ನ ಸ್ಟೂಲಿನ ಮೇಲೆ ಕುಸಿದರು. ಚಿತ್ರವನ್ನು ಕನ್ನಡಿಯಿದ್ದ ಮೊಳೆಗೇ ಹಾಕಿದ್ದಳು. ಕನ್ನಡಿ ಎಲ್ಲಿರುತ್ತದೆ, ಬಾಗಿಲ ಹೊರಗೆ, ಬೆಳಕು ಬೀಳುವಲ್ಲಿ. ಪಡುವಣ ಮುಖದ ಮನೆ, ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ನೆಟ್ಟಗೆ ಅದರ ಮೇಲೇ ಬಿಸಿಲು. ಗಾಜಿಗೆ ಕುಂಕುಮ ಬೇರೆ ಹಚ್ಚಿದ್ದಾಳೆ.

"ಒಳಗ ಹಾಕು ಅನ್ನಬೇಕಿತ್ತು ನೀವು," ಅಂದೆ.

"ಅಂದೆ. ಒಳಗ ಕತ್ತಲಿ ಐತಿ, ಅಕಿಗೆ ಕತ್ತಲಿ ಆಗ್ತಿದ್ದಿಲ್ಲ ಅಂದ್ಲು."

ಆ ಬಣ್ಣ ಎಷ್ಟು ಹೊಳೆಯುತ್ತದೋ ಅಷ್ಟೇ ಬೇಗ ಸಾಯುತ್ತದೆ. ಪ್ರತಿ ಸಲ ಬಂದು ವರದಿ ಒಪ್ಪಿಸುತ್ತಿದ್ದರು. ಕೇಸರಿ ಹೋಗಿ ಅರಿಷಿಣವಾಯಿತು. ಅರಿಷಿಣ ಹೋಗಿ ಉಸುಕಿನ ಬಣ್ಣವಾಯಿತು. ನೋಡುವುದಕ್ಕೆ ಆಗದಿದ್ದರೆ ಹೋಗಬೇಡಿ ಅಂದರೂ ಕೇಳಲಿಲ್ಲ. ಅವರ ಹೆಂಡತಿ, ಜ್ವರದ ಚಾರ್ಟು ಬರೆಯುತ್ತಿದ್ದಾರೆ ಬಿಡಿ ಅನ್ನುತ್ತಿದ್ದರು. ಹೊಸ ಚಿತ್ರ ತರಿಸುವುದು ಅದರಷ್ಟಕ್ಕೆ ನಿಂತುಹೋಗಿತ್ತು. ಊರಿನ ಗೋಡೆಗಳ ಮೇಲೂ ಮತ್ತೆ ಏನೂ ಏಳಲಿಲ್ಲ.

ಒಮ್ಮೆ ಮಾತ್ರ, ಪೂರಾ ಬೆಳ್ಳಗಾಗುವ ಮುಂಚೆ ತೆಗೆದಿಡು ಅಂತ ಅವಳ ಹತ್ತಿರ ಗಟ್ಟಿಯಾಗಿಯೇ ಕೇಳಿಕೊಂಡರಂತೆ. ಅದಕ್ಕೆ ಹುಲಿಗೆಮ್ಮ ಹೇಳಿದ್ದನ್ನು ಡಾಕ್ಟರು ನನ್ನ ಮಣಿಕಟ್ಟು ಹಿಡಿದುಕೊಂಡೇ ಹೇಳಿದರು.

"'ಅವತ್ತು ಒಮ್ಮಿಗೇ ಹೋಗಿಬಿಟ್ಲು, ನಾ ಒಳಗ ಇದ್ದಿದ್ದಿಲ್ಲ. ಈಗ ದಿನಾ ಒಂದೀಟು ಒಂದೀಟು ಹೊಂಟಾಳ. ನೋಡಾಕರ ಸಿಗ್ತೈತಿ' ಅಂದ್ಲಪ."

ಅವತ್ತು ಇಬ್ಬರೂ ಚಹಾ ಕುಡಿದೆವು, ಬೇರೇನೋ ಮಾತಾಡಿದೆವು.

ಡಾಕ್ಟರು ಹೋದದ್ದು ನಿದ್ದೆಯಲ್ಲಿ. ಯಾರೂ ಮಲಗಿಸದೆ ತಾವೇ ಮಲಗಿದರು, ಬೆಳಿಗ್ಗೆ ಏಳಲಿಲ್ಲ. ರಿಟೈರಾಗುವುದಕ್ಕೆ ಇನ್ನೂ ಸ್ವಲ್ಪ ಕಾಲವಿತ್ತು. ಫೋಟೋ ಕೊಡಲು ಅವರ ಮನೆಗೆ ಹೋದಾಗ ಹೆಂಡತಿ ಆ ಕೋಣೆಗೆ ಕರೆದುಕೊಂಡು ಹೋಗಿ ಡ್ರಾಯರು ಎಳೆದು, ಕಟ್ಟುಗಳ ಬಟ್ಟೆ ಬಿಚ್ಚಿ ತೋರಿಸಿದರು. ಕೊಡೆ ಹಿಡಿದ ಇಲಿ, ಜೀನ್ಸ್ ತೊಟ್ಟ ಎಮ್ಮೆ, ಎಲ್ಲ ನಿನ್ನೆ ಅಚ್ಚಾದ ಹಾಗೆ ಥಳಥಳ ಅನ್ನುತ್ತಿದ್ದವು. ಒಂದು ಡ್ರಾಯರು ಮಾತ್ರ ಖಾಲಿ. ಆಕೆ ಅದನ್ನೂ ಎಳೆದು ನೋಡಿ ಮುಚ್ಚಿದರು. "ಇವನ್ನೆಲ್ಲ ಏನು ಮಾಡ್ಲಿ? ಒಂದನ್ನೂ ಕಣ್ ತುಂಬ ನೋಡಲಿಲ್ಲ ಅವರು," ಅಂದರು. ಡಾಕ್ಟರ ಫೋಟೋದ ಅಂಚನ್ನು ನಾನು ಕತ್ತರಿಸಿರಲಿಲ್ಲ. ಸುತ್ತ ಅಗಲ ಬಿಳುಪು ಬಿಟ್ಟು ಕಟ್ಟು ಹಾಕಿದ್ದೆ. ನಡುವೆ ಮುಖ ಸಣ್ಣದಾಗಿ ಕಾಣುತ್ತಿತ್ತು, ಹಾಗೇ ಇರಲಿ ಅಂತ ಬಿಟ್ಟೆ.